ಕಾರಿನ ವೈಪರ್ ಎಲ್ಲಿ ಕೊಳ್ಳುತ್ತೀರಿ?

ಮೇ ತಿಂಗಳು ಬಂತೆಂದರೆ ನಮ್ಮ ಮಲೆನಾಡಿನ ಹೆಂಗಸರ ಕೈಗೆ ಬಿಡುವೇ ಇರುವುದಿಲ್ಲ. ಹಪ್ಪಳ, ಸಂಡಿಗೆ ಒಣಗಿ ಡಬ್ಬಿ ಸೇರಬೇಕು. ಸೌದೆ ಕೊಟ್ಟಿಗೆ ಸೇರಬೇಕು. ಕೊಡೆಗಳನ್ನೆಲ್ಲ ಬಿಚ್ಚಿ ನೋಡಿ ಕಡ್ಡಿ ಮುರಿದದ್ದನ್ನು ರಿಪೇರಿಗೆ ಕಳಿಸಬೇಕು. ಮಕ್ಕಳ ರೈನ್‌ಕೋಟು ಈ ವರ್ಷಕ್ಕೆ ಆಗುತ್ತದೋ ಗಿಡ್ಡವಾಗಿದೆಯೋ ಅಂತ ತೊಡಿಸಿ ನೋಡಬೇಕು. ಇಷ್ಟೆಲ್ಲ ನೆನಪಿಟ್ಟುಕೊಳ್ಳುವ ನಾವು ಒಂದನ್ನು ಮಾತ್ರ ಮರೆತುಬಿಡುತ್ತೇವೆ. ಅಂಗಳದಲ್ಲಿ ನಿಂತಿರುವ ಕಾರಿನ ಮುಂದಿನ ಗಾಜನ್ನು ಒರೆಸುವ ಆ ಎರಡು ರಬ್ಬರ್ ಪಟ್ಟಿಗಳನ್ನು!

“ಅಯ್ಯೋ, ಅದೆಲ್ಲ ಗಂಡಸರ ಕೆಲಸ ಕಣ್ರೀ, ನಮಗ್ಯಾಕೆ ಅದರ ಉಸಾಬರಿ?” ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ, 2023ರ ಜುಲೈ ತಿಂಗಳ ಒಂದು ಬೆಳಗಿನ ತನಕ.

ಅವತ್ತು ಅತ್ತೆಯವರಿಗೆ ಮಣಿಪಾಲದಲ್ಲಿ ಕಣ್ಣಿನ ತಪಾಸಣೆ ಇತ್ತು. ತೀರ್ಥಹಳ್ಳಿಯಿಂದ ಹೊರಟಾಗ ಹನಿ ಹನಿ ಮಳೆ. ಆಗುಂಬೆ ದಾಟಿ ಘಾಟಿ ಇಳಿಯಲು ಶುರು ಮಾಡುವಷ್ಟರಲ್ಲಿ ಆಕಾಶವೇ ಕಳಚಿ ಬಿದ್ದಂಥ ಮಳೆ. ಆ ಘಾಟಿಯಲ್ಲಿ ಹೋದವರಿಗೆ ಗೊತ್ತು, ಹದಿನಾಲ್ಕು ಕಡಿದಾದ ತಿರುವುಗಳು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಂದಕ. ಮೂರನೆಯ ತಿರುವಿನಲ್ಲಿ “ಪಟ್ ಪಟ್” ಎಂದು ಏನೋ ಬಡಿದುಕೊಳ್ಳುವ ಸದ್ದಾಯಿತು. ನೋಡಿದರೆ ಡ್ರೈವರ್ ಕಡೆಯ ವೈಪರಿನ ರಬ್ಬರು ಒಂದು ತುದಿಯಲ್ಲಿ ಕಿತ್ತುಬಂದು ಹಾವಿನ ಹಾಗೆ ಗಾಳಿಯಲ್ಲಿ ಹಾರಾಡುತ್ತಿದೆ! ಒರೆಸುವುದು ಹೋಗಲಿ, ರಬ್ಬರಿಲ್ಲದ ಕಬ್ಬಿಣದ ಪಟ್ಟಿ ಗಾಜನ್ನು ಕೆರೆಯುತ್ತಿತ್ತು. ನಮ್ಮ ಯಜಮಾನರ ಎದುರಿಗೆ ಗಾಜಿಲ್ಲ, ಬರೀ ನೀರಿನ ಪರದೆ. ಅದೇ ಹೊತ್ತಿಗೆ ಕೆಳಗಿನಿಂದ ಒಂದು ಮಿನಿ ಬಸ್ಸಿನ ದೀಪ. ಅದು ರಸ್ತೆಯ ಯಾವ ಮಗ್ಗುಲಿನಲ್ಲಿದೆ ಎಂದು ಹೇಳಲು ಅವರಿಗೂ ಆಗಲಿಲ್ಲ, ಪಕ್ಕದಲ್ಲಿ ಕೂತ ನನಗೂ ಆಗಲಿಲ್ಲ. ಹಿಂದಿನ ಸೀಟಿನಿಂದ ಅತ್ತೆಯವರು “ನಿಲ್ಸೋ ಮಗಾ, ನಿಲ್ಸು” ಎಂದದ್ದಷ್ಟೇ ನನಗೆ ನೆನಪು. ಬಸ್ಸು ಹಾರನ್ ಮಾಡುತ್ತ ಒಂದು ಮಾರು ದೂರದಲ್ಲಿ ಹಾದುಹೋಯಿತು.

ಬಂಡೆಯ ಮಗ್ಗುಲಿಗೆ ಕಾರು ಒತ್ತಿ, ನಾಲ್ಕೂ ದೀಪ ಮಿನುಗುವ ಹಾಗೆ ಮಾಡಿ ನಿಲ್ಲಿಸಿದೆವು. ನಾನು ಕೊಡೆ ಹಿಡಿದೆ; ಅವರು ಎಡಗಡೆಯ ವೈಪರ್ ಬ್ಲೇಡು ಬಿಚ್ಚಿ ತಮ್ಮ ಕಡೆಗೆ ಹಾಕಿಕೊಂಡರು. ಅದು ಎರಡಿಂಚು ಗಿಡ್ಡ, ಆದರೂ ಕೆಲಸಕ್ಕಾಯಿತು. ಬ್ಲೇಡಿಲ್ಲದ ಎಡಗಡೆಯ ತೋಳು ಗಾಜನ್ನು ಕುಟ್ಟದಂತೆ ಅತ್ತೆಯವರ ಚೀಲದಲ್ಲಿದ್ದ ಹಳೇ ಸೀರೆಯ ತುಂಡನ್ನು ದಪ್ಪವಾಗಿ ಸುತ್ತಿ, ನನ್ನ ಜಡೆಯ ರಬ್ಬರ್ ಬ್ಯಾಂಡಿನಿಂದ ಬಿಗಿದೆವು. ಹಾಗೇ ತೆವಳುತ್ತ ಸೋಮೇಶ್ವರಕ್ಕೆ ಇಳಿದೆವು. (ಈ ಉಪಾಯವನ್ನು ನೀವೂ ನೆನಪಿಟ್ಟುಕೊಳ್ಳಿ. ಗಿಡ್ಡ ಬ್ಲೇಡನ್ನು ಉದ್ದದ ಜಾಗಕ್ಕೆ ಹಾಕಬಹುದು. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿದರೆ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.)

ಆ ವೈಪರ್ ಹಳೆಯದಾಗಿತ್ತೇ ಎಂದು ಕೇಳುತ್ತೀರಿ. ಇಲ್ಲ, ಸರಿಯಾಗಿ ಮೂರು ವಾರದ ಹಿಂದೆ ಕೊಂಡದ್ದು! ಬೆಂಗಳೂರಿಗೆ ಮದುವೆಗೆ ಹೋದಾಗ ಸಿಗ್ನಲಿನಲ್ಲಿ ಹುಡುಗನೊಬ್ಬ ಕಿಟಕಿಗೆ ತಂದು ತೋರಿಸಿದ. ಜೋಡಿಗೆ ನೂರೈವತ್ತು ಎಂದವನು ದೀಪ ಹಸಿರಾಗುವಷ್ಟರಲ್ಲಿ ನೂರಕ್ಕೆ ಇಳಿದ. “ನೋಡಿದೆಯಾ ಚೌಕಾಸಿ ಅಂದರೆ ಹೀಗೆ” ಎಂದು ನಮ್ಮವರು ಊರು ತಲುಪುವ ತನಕ ಬೀಗಿದ್ದೇ ಬೀಗಿದ್ದು. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡ ಹಾಗಾಯಿತು. ಆ ಕಬ್ಬಿಣ ಕೆರೆದ ಕಮಾನಿನಂಥ ಗೀರು ಇವತ್ತಿಗೂ ನಮ್ಮ ಕಾರಿನ ಗಾಜಿನ ಮೇಲಿದೆ. ರಾತ್ರಿ ಎದುರಿನಿಂದ ಗಾಡಿ ಬಂದರೆ ಆ ಗೀರಿನುದ್ದಕ್ಕೂ ಬೆಳಕು ಚೆಲ್ಲಿ ಕಣ್ಣು ಕುಕ್ಕುತ್ತದೆ.

ಮನೆಗೆ ಬಂದ ಮೇಲೆ ನಾನು ಹೇಳಿದೆ: “ಇನ್ಮೇಲೆ ಇದನ್ನ ನಾನು ಕೊಳ್ತೀನಿ ಬಿಡಿ.” ನಮ್ಮವರು ನಕ್ಕರು. ಆದರೆ ಬೇಡ ಅನ್ನಲಿಲ್ಲ.

ಯೋಚಿಸಿ ನೋಡಿ, ಇದರಲ್ಲಿ ನಮಗೆ ತಿಳಿಯದ್ದೇನಿದೆ? ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ಟು ಕೊಳ್ಳುವವರು ನಾವೇ ಅಲ್ಲವೇ? ಗ್ಯಾಸ್ಕೆಟ್ಟು ಯಾವಾಗ ಬಿರುಸಾಯಿತು, ಯಾವಾಗ ಸಡಿಲವಾಯಿತು ಎಂದು ಬೆರಳಲ್ಲಿ ಹಿಂಡಿ ನೋಡಿದರೇ ಗೊತ್ತಾಗುತ್ತದೆ. ಯಾವ ಅಂಗಡಿಯವನು ಒರಿಜಿನಲ್ ಕೊಡುತ್ತಾನೆ, ಯಾವನು ನೋಡೋಕೆ ಹಾಗೇ ಇರುವ ಬೇರೆಯದನ್ನು ಕವರಿನಲ್ಲಿ ಹಾಕಿ ಕೊಡುತ್ತಾನೆ ಎನ್ನುವುದೂ ಗೊತ್ತು. ವೈಪರಿನದೂ ಅದೇ ರಬ್ಬರಿನ ಕತೆ. ಬಿಸಿಲಿಗೆ ಬಿರುಸಾಗುತ್ತದೆ, ಅಂಚು ಬಿರುಕು ಬಿಡುತ್ತದೆ, ಹರಿಯುತ್ತದೆ. ಕಾರು ಓಡಲಿ ಬಿಡಲಿ, ಅಂಗಳದ ಬಿಸಿಲಲ್ಲಿ ನಿಂತರೆ ಸಾಕು, ಅದರ ಆಯಸ್ಸು ಸವೆಯುತ್ತಲೇ ಇರುತ್ತದೆ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ ಬದಲಿಸುವುದು ಲೇಸು.

ಅಂದ ಹಾಗೆ, ಈ ವೈಪರನ್ನು ಕಂಡುಹಿಡಿದದ್ದು ಯಾರು ಗೊತ್ತೇ? ಒಬ್ಬ ಹೆಂಗಸು! ಅಮೆರಿಕದ ಅಲಬಾಮಾ ರಾಜ್ಯದ ಮೇರಿ ಆಂಡರ್ಸನ್. ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮ ಕೂತ ಗಾಜಿನಾಚೆ ಕಾಣದೆ ಟ್ರಾಮಿನ ಡ್ರೈವರು ಪಡುವ ಪಾಡನ್ನು ಆಕೆ ನೋಡಿದರು. ಒಳಗೆ ಕೂತು ಹಿಡಿಕೆ ಎಳೆದರೆ ಹೊರಗೆ ರಬ್ಬರ್ ಪಟ್ಟಿ ಗಾಜು ಒರೆಸುವ ಸಾಧನ ಹೂಡಿ, 1903ರ ನವೆಂಬರಿನಲ್ಲಿ ಪೇಟೆಂಟ್ ಪಡೆದರು. 1905ರಲ್ಲಿ ಕೆನಡಾದ ಒಂದು ಕಂಪನಿಗೆ ತೋರಿಸಿದರೆ, ಇದರಿಂದ ವ್ಯಾಪಾರ ಆಗುವುದಿಲ್ಲ ಎಂದು ತಿರುಗಿಸಿ ಕಳಿಸಿದರು. 1920ಕ್ಕೆ ಪೇಟೆಂಟಿನ ಅವಧಿ ಮುಗಿಯಿತು. ಆಮೇಲೆ ಕಾರುಗಳಿಗೆಲ್ಲ ವೈಪರ್ ಬಂತು. ಆಕೆಗೆ ಮಾತ್ರ ಅದರಿಂದ ಬಿಡಿಗಾಸೂ ಬರಲಿಲ್ಲ. 1917ರಲ್ಲಿ ವಿದ್ಯುತ್ತಿನಿಂದ ನಡೆಯುವ ವೈಪರಿಗೆ ಪೇಟೆಂಟ್ ಪಡೆದ ಷಾರ್ಲಟ್ ಬ್ರಿಡ್ಜ್‌ವುಡ್ ಕೂಡ ಹೆಂಗಸೇ. ಹೀಗಿರುವಾಗ, ಬಿಡಿಭಾಗದ ಅಂಗಡಿಯಲ್ಲಿ ನಮ್ಮನ್ನು ನೋಡಿ “ಯಜಮಾನರನ್ನ ಕಳಿಸಿ ಮೇಡಂ” ಎಂದರೆ ನಗು ಬಾರದೇ?

ಹೌದು, ನನಗೆ ಹಾಗೆಂದರು. ಅದನ್ನೇ ಹೇಳಲು ಹೊರಟಿದ್ದೆ.

ಮೊದಲನೆಯ ಅಂಗಡಿಯಲ್ಲಿ ಹುಡುಗ ನನ್ನ ಮುಖವನ್ನೂ ನೋಡದೆ “ಯಾವ ಗಾಡಿ?” ಎಂದ. ಹೇಳಿದೆ. ಮೇಲಿನ ಮೊಳೆಗೆ ನೇತುಹಾಕಿದ್ದ ಒಂದು ಜೋಡಿಯನ್ನು ಕೊಕ್ಕೆಯಿಂದ ಎಳೆದು ಮೇಜಿನ ಮೇಲೆ ಒಗೆದ. ಅಂಗಡಿ ಪಶ್ಚಿಮಕ್ಕೆ ಮುಖ. ಮಧ್ಯಾಹ್ನದ ಮೇಲಿನ ಬಿಸಿಲೆಲ್ಲ ಆ ಮೊಳೆಯ ಮೇಲೇ. ಪ್ಯಾಕೆಟ್ಟಿನ ಪ್ಲಾಸ್ಟಿಕ್ಕು ಹಳದಿಯಾಗಿತ್ತು, ಮೇಲೆ ಒಂದು ಪದರ ಧೂಳು. ಪ್ಯಾಕ್ ಮಾಡಿದ ತಿಂಗಳು ಎಲ್ಲಿದೆ ಎಂದು ತಿರುಗಿಸಿ ನೋಡಿದರೆ ಸಿಗಲಿಲ್ಲ. “ಉದ್ದ ಸರಿ ಇದೆಯಾ ಅಳೆದು ನೋಡಪ್ಪ” ಎಂದದ್ದಕ್ಕೇ ಆ ಮಾತು ಬಂದದ್ದು, ಯಜಮಾನರನ್ನು ಕಳಿಸಿ ಅಂತ. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ.

ಎರಡನೆಯ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದುಗಡೆ. ಹೊರಗಿನಿಂದ ನೋಡಿದರೆ ಏನೇನೂ ಅಲ್ಲ, ಎರಡು ಬಾಗಿಲಿನ ಚಿಕ್ಕ ಅಂಗಡಿ. ಅರವತ್ತು ದಾಟಿದ ಯಜಮಾನರು. “ಹಳೇದು ತಂದಿದೀರೇನಮ್ಮಾ?” ಎಂದೇ ಕೇಳಿದರು. ತಂದಿದ್ದೆ! ಬ್ಲೌಸಿನ ಬಟ್ಟೆಗೆ ಮ್ಯಾಚಿಂಗ್ ಲೈನಿಂಗ್ ತರಲು ಹೋಗುವಾಗ ತುಂಡು ಒಯ್ಯುವುದಿಲ್ಲವೇ, ಹಾಗೇ ಹಳೆಯ ಬ್ಲೇಡುಗಳೆರಡನ್ನೂ ಬಟ್ಟೆಚೀಲದಲ್ಲಿ ಸುತ್ತಿಕೊಂಡು ಹೋಗಿದ್ದೆ. ಟೇಪು ಹಿಡಿದು ಅಳೆದರು. ಒಂದು 20 ಇಂಚು, ಇನ್ನೊಂದು 18. ತೋಳಿಗೆ ಸಿಕ್ಕಿಸುವ ಕೊಕ್ಕೆ ಯಾವ ಬಗೆಯದು ಎಂದು ಅಂಗಡಿಯ ಮುಂದೆ ನಿಂತಿದ್ದ ಕಾರಿನ ಹತ್ತಿರ ಬಂದು ನೋಡಿದರು. ಆಮೇಲೆ ಒಳಗೆ ಹೋಗಿ ರಟ್ಟಿನ ಪೆಟ್ಟಿಗೆಯಿಂದ ಎರಡು ಥರದ್ದು ತಂದು ಮುಂದಿಟ್ಟರು.

ಉಕ್ಕಿನ ಚೌಕಟ್ಟಿನದು ಒಂದು ಬಗೆ. ಚೌಕಟ್ಟೇ ಇಲ್ಲದೆ ಬಿಲ್ಲಿನಂತೆ ಬಾಗಿದ ಚಪ್ಪಟೆ ಪಟ್ಟಿಯದು ಇನ್ನೊಂದು. ಬಾಗು ಹೆಚ್ಚಿರುವ ಈಗಿನ ಕಾರಿನ ಗಾಜಿಗೆ ಎರಡನೆಯದು ಚೆನ್ನಾಗಿ ಕೂರುತ್ತದೆ, ಬೆಲೆಯೂ ಹೆಚ್ಚು. ನಮ್ಮದು ಹಳೆಯ ಗಾಡಿ. “ಕಂಪನಿಯಿಂದ ಯಾವ ಥರದ್ದು ಬಂದಿತ್ತೋ ಅದನ್ನೇ ಹಾಕ್ಸಿ ಸಾಕಮ್ಮಾ, ಸುಮ್ನೆ ದುಡ್ಡು ಯಾಕೆ ಹಾಳು” ಎಂದು ಆತನೇ ಅಂದರು. ದುಬಾರಿಯದನ್ನು ತಾನಾಗಿ ಪಕ್ಕಕ್ಕಿಡುವ ಅಂಗಡಿಯವನು ಸಿಕ್ಕರೆ ಗೆಳತಿಯರೇ, ಆ ಅಂಗಡಿಯನ್ನು ಬಿಡಬೇಡಿ.

ಪ್ಯಾಕೆಟ್ಟನ್ನು ಓದಿದೆ. ಹೀಗೆ ಪ್ಯಾಕ್ ಮಾಡಿ ಮಾರುವ ಸಾಮಾನಿನ ಮೇಲೆ ಗರಿಷ್ಠ ಬೆಲೆ, ತಯಾರಾದ ತಿಂಗಳು-ವರ್ಷ, ತಯಾರಕರ ಇಲ್ಲವೇ ತರಿಸಿದವರ ವಿಳಾಸ, ದೂರು ಹೇಳಲು ಫೋನ್ ನಂಬರು ಇರಬೇಕೆಂದು 2011ರ ತೂಕ-ಅಳತೆಯ ನಿಯಮಗಳೇ ಹೇಳುತ್ತವೆ. ಬಿಸ್ಕತ್ತಿನ ಪೊಟ್ಟಣ ಓದುವ ಕಣ್ಣಿಗೆ ಇದೇನೂ ಕಷ್ಟವಲ್ಲ. ಬಾಷ್, ವ್ಯಾಲಿಯೋ, ಡೆನ್ಸೋ, ಹೆಲ್ಲಾ ಎಂದು ಹಲವು ಹೆಸರುಗಳಿವೆ. ಹೆಸರಿಗಿಂತ ಆ ತಿಂಗಳು ಮುಖ್ಯ ಎನ್ನುವುದು ನನ್ನ ಅನುಭವ. ಎಷ್ಟೇ ದೊಡ್ಡ ಹೆಸರಿನದಾದರೂ ಮೂರು ವರ್ಷ ಮೊಳೆಗೆ ನೇತಾಡಿದ ರಬ್ಬರು ಬೇಡ.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಆತ ದುಡ್ಡು ಇಸಿದುಕೊಳ್ಳುವ ಮೊದಲೇ ಬ್ಲೇಡುಗಳನ್ನು ತೋಳಿಗೆ ಸಿಕ್ಕಿಸಿ, ಒಂದು ಚೊಂಬು ನೀರು ತಂದು ಗಾಜಿನ ಮೇಲೆ ಸುರಿದು “ಹಾಕಿ ನೋಡಿ” ಎಂದರು. ನಾನು ಒಳಗೆ ಕೂತು ಚಾಲೂ ಮಾಡಿದೆ. ಬಲಗಡೆಯದು ಗೆರೆಯಿಲ್ಲದೆ ಒರೆಸಿತು. ಎಡಗಡೆಯದು ಟರ್ ಟರ್ ಎಂದು ಕುಪ್ಪಳಿಸುತ್ತ, ನಡುವೆ ಒಂದು ಗೇಣು ಅಗಲ ಒದ್ದೆ ಬಿಟ್ಟಿತು. ನಾನು ಬಾಯಿ ತೆರೆಯುವ ಮೊದಲೇ ಅದನ್ನು ಬಿಚ್ಚಿ ಇನ್ನೊಂದು ಹಾಕಿದರು. ಚರ್ಚೆಯಿಲ್ಲ, ಮುಖ ಗಂಟಿಕ್ಕಲಿಲ್ಲ. ಅವತ್ತು ಎರಡಕ್ಕೂ ಸೇರಿ ನಾನೂರ ಎಂಬತ್ತು ರೂಪಾಯಿ ಕೊಟ್ಟೆ, ಬಿಲ್ಲನ್ನೂ ಬರೆಸಿಕೊಂಡೆ.

ವೈಪರನ್ನು ನಿಮ್ಮ ಕಾರಿಗೇ ಹಾಕಿ, ನಿಮ್ಮೆದುರಿಗೇ ನೀರು ಸುರಿದು ತೋರಿಸುವ ಜಾಗದಲ್ಲಿ ಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಒಂದೇ ಪೆಟ್ಟಿಗೆಯಿಂದ ಬಂದ ಎರಡು ಬ್ಲೇಡಿನಲ್ಲಿ ಒಂದು ಚೆನ್ನ, ಒಂದು ಕೆಟ್ಟದ್ದು ಇರಬಹುದು. ನೀರು ಬೀಳುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ಕಂಪನಿಯ ಸರ್ವಿಸ್ ಸೆಂಟರ್ ಬೇಡವೇ? ಬೇಡವೆನ್ನಲಾರೆ. ಅಲ್ಲಿ ಸಿಗುವುದು ನಿಮ್ಮ ಗಾಡಿಗೇ ಹೊಂದುವ ಮಾಲು, ಅಳತೆಯ ತಲೆನೋವಿಲ್ಲ. ಸರ್ವಿಸ್‌ಗೆಂದು ಹೇಗೂ ಹೋಗಿದ್ದರೆ ಅಲ್ಲೇ ಹಾಕಿಸಿಬಿಡಿ. ಆದರೆ ನಮ್ಮಂಥ ಊರಿನವರಿಗೆ ಅದಕ್ಕೆಂದೇ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್ ಹೋಗಿಬರುವ ಪೆಟ್ರೋಲಿನ ಖರ್ಚಿನಲ್ಲಿ ಇನ್ನೊಂದು ಜೋಡಿ ವೈಪರೇ ಬರುತ್ತದೆ. ಅಲ್ಲಿ ಇನ್ನೊಂದು ಎಚ್ಚರ ಬೇಕು. ಕೆಲವು ಕಡೆ ಕೇಳದೆಯೇ ಬದಲಿಸಿ ಬಿಲ್ಲಿಗೆ ಸೇರಿಸುವುದುಂಟು. ಗಾಡಿ ಬಿಡುವಾಗಲೇ “ನನಗೆ ಫೋನ್ ಮಾಡದೆ ಏನೂ ಬದಲಿಸಬೇಡಿ, ಬದಲಿಸಿದರೆ ಹಳೆಯದನ್ನು ಡಿಕ್ಕಿಯಲ್ಲಿಡಿ” ಎಂದು ಹೇಳಿ, ಜಾಬ್ ಕಾರ್ಡಿನಲ್ಲಿ ಬರೆಸಿ. ಹಿಂದಿನ ಗಾಜಿಗೂ ವೈಪರ್ ಇರುವ ಕಾರಾದರೆ ಆ ಹಿಂದಿನದಕ್ಕೆ ಮಾತ್ರ ಕಂಪನಿಗೇ ಹೋಗುವುದು ವಾಸಿ. ಅದರ ಹಿಡಿತ ಒಂದೊಂದು ಮಾಡೆಲ್ಲಿಗೆ ಒಂದೊಂದು ಥರ, ಊರಿನ ಅಂಗಡಿಗಳಲ್ಲಿ ಸಿಗುವುದು ಕಷ್ಟ.

ಮೆಕ್ಯಾನಿಕ್ಕಿನ ಕೈಲೇ ತರಿಸಿದರಾಯ್ತು ಎನ್ನುವವರಿದ್ದಾರೆ. ನಂಬಿಕೆಯ ಮನುಷ್ಯನಾದರೆ ಸರಿ. ಆದರೂ ಪ್ಯಾಕೆಟ್ಟು ನಿಮ್ಮ ಕೈಗೆ ಬರಲಿ, ಬಿಲ್ಲೂ ಬರಲಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಲು ಸಾಲು ಬಿಡಿಭಾಗದ ಅಂಗಡಿಗಳಿವೆಯಲ್ಲ, ಅಲ್ಲಿ ಕಡಿಮೆಗೆ ಸಿಗುತ್ತದೆ ಎಂದು ನನ್ನ ನಾದಿನಿ ಹೇಳುತ್ತಿರುತ್ತಾಳೆ. ಬೆಂಗಳೂರಿನವರಿಗೆ ಒಳ್ಳೆಯದೇ. ನಾವು ತಂದು, ಇಲ್ಲಿ ಹಾಕಿ, ಹೊಂದಲಿಲ್ಲವೆಂದರೆ ಇನ್ನೂರ ಐವತ್ತು ರೂಪಾಯಿಯ ಸಾಮಾನು ಹಿಂದಿರುಗಿಸಲು ಮುನ್ನೂರು ಕಿಲೋಮೀಟರ್ ಯಾರು ಹೋಗುತ್ತಾರೆ?

ಈಗಿನ ಕಾಲದಲ್ಲಿ ಮಕ್ಕಳು “ಅಮ್ಮಾ, ಫೋನಿನಲ್ಲೇ ಆರ್ಡರ್ ಮಾಡಿಬಿಡು” ಎನ್ನುತ್ತಾರೆ. ನನ್ನ ಮಗನೂ ಅಂದ, ಕಳೆದ ವರ್ಷ ಮಾಡಿಯೂ ಬಿಟ್ಟ. ಪೆಟ್ಟಿಗೆ ಬಂತು, ಚೆಂದದ ಪೆಟ್ಟಿಗೆ. ಒಳಗಿನ ಕೊಕ್ಕೆ ನಮ್ಮ ತೋಳಿಗೆ ಹಿಡಿಯುವುದಲ್ಲ! ವಾಪಸು ಕಳಿಸಲು ಮೂರು ಸಲ ಫೋನು, ಒಯ್ಯಲು ಬರುತ್ತೇನೆಂದವನು ಬಂದದ್ದು ಒಂಬತ್ತನೆಯ ದಿನ. ಅಷ್ಟರಲ್ಲಿ ಜೂನ್ ಮುಗಿದಿತ್ತು. ಹಾಗಂತ ಆ ದಾರಿಯೇ ಕೆಟ್ಟದ್ದು ಎನ್ನಲಾರೆ. ತಯಾರಿಕೆ ನಿಂತುಹೋದ ಹಳೆಯ ಕಾರು ಇಟ್ಟುಕೊಂಡವರಿಗೆ, ಊರಲ್ಲಿ ಅಳತೆಯೇ ಸಿಗದವರಿಗೆ ಬೇರೆ ಗತಿಯಿಲ್ಲ. ಅಂಥವರು ಎರಡೂ ಕಡೆಯ ಅಳತೆ ಮತ್ತು ಕೊಕ್ಕೆಯ ಬಗೆ ನೋಡಿಕೊಂಡು, ಮಾರುವವರು ತಯಾರಕ ಕಂಪನಿಯವರೇ ಹೌದೇ ಎಂದು ಪರೀಕ್ಷಿಸಿ, ಮಳೆಗೆ ಒಂದು ತಿಂಗಳು ಮುಂಚೆಯೇ ತರಿಸಲಿ. ಮೋಸವಾಯಿತು ಅನ್ನಿಸಿದರೆ ಅಂಗಡಿಯದಿರಲಿ, ಫೋನಿನದಿರಲಿ, ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳಬಹುದು. ಅದಕ್ಕೂ ಬಿಲ್ಲು ಬೇಕು.

ಸಿಗ್ನಲಿನವನ ವಿಷಯ ಮತ್ತೆ ಹೇಳುವುದಿಲ್ಲ. ಅವನ ಹೊಟ್ಟೆಪಾಡು ಅವನದು. ಅವನ ಹತ್ತಿರ ಕಾರು ಒರೆಸುವ ಬಟ್ಟೆ ಕೊಳ್ಳಿ.

ಒಬ್ಬ ಓದುಗರು ಕೇಳಬಹುದು, ಬರೀ ರಬ್ಬರು ಬದಲಿಸಿದರೆ ಸಾಲದೇ, ಇಡೀ ಬ್ಲೇಡು ಯಾಕೆ ಎಂದು. ಒಳ್ಳೆಯ ಪ್ರಶ್ನೆ. ಚೌಕಟ್ಟಿನ ಬಗೆಯದಕ್ಕೆ ಬರೀ ರಬ್ಬರು ಸಿಗುತ್ತದೆ, ಬೆಲೆಯೂ ಬಹಳ ಕಡಿಮೆ. ಚೌಕಟ್ಟಿನ ಕೀಲುಗಳು ಸಡಿಲವಾಗಿಲ್ಲದಿದ್ದರೆ, ತುಕ್ಕು ಹಿಡಿದಿಲ್ಲದಿದ್ದರೆ ಧಾರಾಳವಾಗಿ ಹಾಕಿಸಿ. ಕುಂದಾಪುರ, ಹೊನ್ನಾವರದ ಕಡೆ ಸಮುದ್ರದ ಉಪ್ಪುಗಾಳಿಯಿರುವ ಊರಿನವರು ಮಾತ್ರ ಕೀಲನ್ನು ಎರಡು ಸಲ ನೋಡಿ. ರಬ್ಬರನ್ನು ಬಿಗಿಯಾಗಿ ಕೂರಿಸಲು ಕೈ ಪಳಗಿರಬೇಕು, ಇಲ್ಲದಿದ್ದರೆ ನಮಗಾದ ಹಾಗೆ ನಡುದಾರಿಯಲ್ಲಿ ಹೊರಬಂದೀತು.

ನೀವೇ ಬದಲಿಸುವ ಉತ್ಸಾಹವಿದ್ದರೆ ಒಂದು ಮಾತು. ಬ್ಲೇಡು ಬಿಚ್ಚುವ ಮೊದಲು ಗಾಜಿನ ಮೇಲೆ ದಪ್ಪ ಟವೆಲ್ಲನ್ನು ಮಡಿಚಿ ಹಾಸಿ. ಆ ತೋಳಿನಲ್ಲಿ ಬಲವಾದ ಸ್ಪ್ರಿಂಗಿದೆ. ಕೈ ಜಾರಿ ಬರೀ ತೋಳು ಗಾಜಿಗೆ ಹೊಡೆದರೆ ಗಾಜು ಸೀಳುತ್ತದೆ, ಆಮೇಲೆ ಸಾವಿರಗಳ ಲೆಕ್ಕ. ನಮ್ಮ ಎದುರುಮನೆಯಲ್ಲಿ ಹೀಗೇ ಆಯಿತು. ಪಾಪ, ಅವರು ಉಳಿಸಹೊರಟದ್ದು ಐವತ್ತು ರೂಪಾಯಿ ಕೂಲಿ.

ಹೊಸ ವೈಪರ್ ಹಾಕಿದ ಮೇಲೂ ಗಾಜು ಮಸುಕು ಮಸುಕಾಗಿ ಕಂಡರೆ ಅಂಗಡಿಯವರ ಮೇಲೆ ಹರಿಹಾಯುವ ಮುಂಚೆ ಗಾಜನ್ನೊಮ್ಮೆ ತೊಳೆಯಿರಿ. ರಸ್ತೆಯ ಎಣ್ಣೆಹೊಗೆ ಗಾಜಿನ ಮೇಲೆ ಜಿಡ್ಡಾಗಿ ಕೂತಿರುತ್ತದೆ. ಪಾತ್ರೆ ತೊಳೆಯುವ ದ್ರಾವಣದ ನಾಲ್ಕು ಹನಿ ನೀರಿಗೆ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಉಜ್ಜಿ, ಚೆನ್ನಾಗಿ ತೊಳೆದರೆ ಹೋಗುತ್ತದೆ. ಅದೇ ಒದ್ದೆ ಬಟ್ಟೆಯಲ್ಲಿ ರಬ್ಬರಿನ ಅಂಚನ್ನೂ ಒಂದು ಸಲ ಎಳೆದು ಒರೆಸಿ. ಎಷ್ಟು ಕಪ್ಪು ಬರುತ್ತದೆಂದು ನೋಡಿದರೆ ನಿಮಗೇ ಆಶ್ಚರ್ಯವಾದೀತು. ಸೀಮೆಎಣ್ಣೆ, ಕೊಬ್ಬರಿಎಣ್ಣೆ, ಪೆಟ್ರೋಲು ಯಾವುದನ್ನೂ ರಬ್ಬರಿಗೆ ಸೋಕಿಸಬೇಡಿ. ಒಣ ಗಾಜಿನ ಮೇಲೆ, ಧೂಳಿನ ಮೇಲೆ ವೈಪರ್ ಓಡಿಸಬೇಡಿ. ಮರದ ಕೆಳಗೆ ನಿಲ್ಲಿಸುವ ರೂಢಿಯಿದ್ದರೆ, ಬೆಳಿಗ್ಗೆ ಹೊರಡುವ ಮುಂಚೆ ರಬ್ಬರಿನ ಕೆಳಗೆ ಸಿಕ್ಕಿಕೊಂಡ ಎಲೆ, ಕಡ್ಡಿಯನ್ನು ಕೈಯಿಂದ ತೆಗೆಯಿರಿ. ನೀರು ಚಿಮ್ಮಿಸುವ ಡಬ್ಬಿಯಲ್ಲಿ ನೀರಿದೆಯೇ ಎಂದೂ ನೋಡಿ. ಅದಕ್ಕೆ ಸೋಪಿನ ಪುಡಿ ಹಾಕಿದರೆ ತೂತು ಕಟ್ಟಿಕೊಳ್ಳುತ್ತದೆ.

ಹಳೆಯ ಜೋಡಿ ಪೂರ್ತಿ ಹರಿದಿರದಿದ್ದರೆ ಎಸೆಯಬೇಡಿ. ಹಳೇ ಪಂಚೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ಆಪತ್ತಿಗಾದೀತು. ನಮ್ಮ ಡಿಕ್ಕಿಯಲ್ಲಿ ಅದರ ಜೊತೆಗೆ ಅತ್ತೆಯವರ ಆ ಸೀರೆಯ ತುಂಡೂ ಇದೆ. ಅವರೇ ಇಟ್ಟದ್ದು.

ನಮ್ಮ ಅಡುಗೆಮನೆಯ ಬೀರುವಿನ ಬಾಗಿಲ ಒಳಮಗ್ಗುಲಿಗೆ ಒಂದು ಚೀಟಿ ಅಂಟಿಸಿದ್ದೇನೆ. ಗ್ಯಾಸ್ ಬುಕ್ ಮಾಡುವ ನಂಬರು, ಹಾಲಿನವರ ಲೆಕ್ಕ, ಕುಕ್ಕರಿನ ಗ್ಯಾಸ್ಕೆಟ್ಟು ಐದು ಲೀಟರಿನದು. ಅದರ ಕೆಳಗೆ: ವೈಪರ್, ಡ್ರೈವರ್ ಕಡೆ 20, ಎಡಗಡೆ 18, ಕೊಕ್ಕೆಯದು, ಬಸ್‌ಸ್ಟ್ಯಾಂಡ್ ಹಿಂದಿನ ಅಂಗಡಿ, ಮೇ ತಿಂಗಳು.